ವ್ಯಾಕ್ಯೂಮ್ ಕ್ಲೀನರ್ ಬದಲಾಯಿಸಬೇಕು: 2000 ವ್ಯಾಟಿನದಾ, ಕಾರ್ಡ್‌ಲೆಸ್ಸಾ?

ನಿಮ್ಮ ಎಂಟು ವರ್ಷದ ಹಳೇ ವ್ಯಾಕ್ಯೂಮ್ ಕ್ಲೀನರ್ ಈಗ ಧೂಳು ಎಳೆಯುತ್ತಿಲ್ಲ, ಹತ್ತು ನಿಮಿಷ ಓಡಿ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಮನೆಯಲ್ಲಿ ಟೈಲ್ಸ್ ನೆಲ, ಹಾಲ್‌ನಲ್ಲಿ ಒಂದು ದಪ್ಪ ಕಾರ್ಪೆಟ್, ಒಂದು ಬೆಕ್ಕು, ಧೂಳು ಎದ್ದರೆ ಸೀನುವ ಅಮ್ಮ. 2000 ವ್ಯಾಟಿನದು ತಗೊಳ್ಳಲಾ, ಬ್ಯಾಟರಿಯಲ್ಲಿ ಓಡುವ ಕಾರ್ಡ್‌ಲೆಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಯಾಕೆ ಅಂತ ಹೇಳುತ್ತೇನೆ, ಆದರೆ ದುಡ್ಡು ಬಿಚ್ಚುವ ಮೊದಲು ಹಳೆಯದನ್ನು ಇನ್ನೊಂದು ಸಲ ನೋಡಿ.

ಬಿಸಿಯಾಗಿ ನಿಲ್ಲುತ್ತದೆ ಅಂದ ಮಾತ್ರಕ್ಕೆ ಮೋಟಾರ್ ಸತ್ತಿದೆ ಅಂತಲ್ಲ. ಸಾಮಾನ್ಯವಾಗಿ ಒಳಗೆ ಎಳೆದ ಗಾಳಿಯೇ ಮೋಟಾರನ್ನು ತಂಪಾಗಿಡುತ್ತದೆ, ಎಲ್ಲೋ ಕಸ ಕಟ್ಟಿ ಗಾಳಿ ಕಮ್ಮಿಯಾದರೆ ಮೋಟಾರ್ ಕಾಯುತ್ತದೆ, ಒಳಗಿರುವ ಸ್ವಿಚ್ ತಾನೇ ಆಫ್ ಮಾಡುತ್ತದೆ, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಹಾಗಾಗಿ ಹೋಸ್ ಕಳಚಿ, ಮೆಷಿನ್ನಿನ ಬಾಯಿಗೇ ಅಂಗೈ ಇಟ್ಟು ನೋಡಿ. ಅಲ್ಲಿ ಜೋರಾಗಿ ಎಳೆಯುತ್ತಿದ್ದರೆ ತೊಂದರೆ ಇರುವುದು ಹೋಸಿನಲ್ಲಿ ಅಥವಾ ಕೊಳವೆಯಲ್ಲಿ. ಹೋಸಿನ ಒಂದು ತುದಿಯಿಂದ ಗೋಲಿ ಬಿಟ್ಟರೆ ಇನ್ನೊಂದು ತುದಿಯಿಂದ ಉರುಳಿ ಬೀಳಬೇಕು. ನಾನು ಇದನ್ನು ಮಾಡಲಿಲ್ಲ. ಹೊಸ ಮೆಷಿನ್ ಮನೆಗೆ ಬಂದು, ಹಳೆಯದನ್ನು ಯಾರಿಗೋ ಕೊಡೋಣ ಅಂತ ಒರೆಸುತ್ತಾ ಕೂತಾಗ ಹೋಸಿನೊಳಗಿಂದ ಮಗಳ ಒಂದು ಕಾಲುಚೀಲ ಹೊರಗೆ ಬಂತು. ಅದರ ಜೋಡಿ ಕಾಲುಚೀಲವನ್ನು ಅಷ್ಟರಲ್ಲಿ ಎಸೆದಾಗಿತ್ತು ಬಿಡಿ.

ಆಮೇಲೆ ಮೋಟಾರಿನ ಮುಂದಿರುವ ಫಿಲ್ಟರ್ ನೋಡಿ. ತೊಳೆಯಬಹುದಾದ್ದಾಗಿದ್ದರೆ ತೊಳೆದು ಇಡೀ ಒಂದು ದಿನ ಒಣಗಿಸಿ. ಅರ್ಧ ಒದ್ದೆ ಇರುವಾಗಲೇ ಹಾಕಬೇಡಿ, ಮುಗ್ಗಲು ವಾಸನೆಯೂ ಬರುತ್ತದೆ, ಮೋಟಾರಿಗೂ ಒಳ್ಳೆಯದಲ್ಲ. ಇಷ್ಟು ಮಾಡಿದ ಮೇಲೂ ಎಳೆಯದಿದ್ದರೆ, ಸುಟ್ಟ ವಾಸನೆ ಬಂದರೆ, ಕಿರ್ರೋ ಅಂತ ಕಿರುಚಿದರೆ ಆಗ ಅದರ ಆಯಸ್ಸು ಮುಗಿದಿರಬಹುದು. ಎಂಟು ವರ್ಷ ಏನೂ ಕಮ್ಮಿ ಅಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ವ್ಯಾಕ್ಯೂಮ್ ಮೋಟಾರ್ ಕನಿಷ್ಠ 500 ಗಂಟೆ ಬಾಳಬೇಕು ಅಂತಿದೆ. ವಾರಕ್ಕೆ ಒಂದು ಗಂಟೆ ಓಡಿಸಿದರೆ ಅದು ಒಂಬತ್ತು ವರ್ಷ ಚಿಲ್ಲರೆ. ನೀವು ದಿನಾ ಓಡಿಸುವವರಾದರೆ ಲೆಕ್ಕ ನೀವೇ ಹಾಕಿ.

ಈಗ ವ್ಯಾಟ್ ವಿಷಯ. ವ್ಯಾಟ್ ಅಂದರೆ ಮೆಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವುದು, ಎಷ್ಟು ಕೆಲಸ ಮಾಡುತ್ತದೆ ಅನ್ನುವುದಲ್ಲ. ಅದೇ ಯುರೋಪಿಯನ್ ಒಕ್ಕೂಟ 2014ರಲ್ಲಿ 1600 ವ್ಯಾಟ್ ಮಿತಿ ಹಾಕಿತು, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಅಲ್ಲಿನ ಕಾರ್ಪೆಟ್‌ಗಳೇನೂ ಅದರಿಂದ ಕೊಳೆಯಾಗಿ ಉಳಿಯಲಿಲ್ಲ. ಒಳಗಿನ ಗಾಳಿಯ ದಾರಿ, ನೆಲಕ್ಕೆ ತಾಗುವ ಹೆಡ್, ಸೀಲ್ ಇವನ್ನೆಲ್ಲ ಸರಿಯಾಗಿ ಮಾಡಿದ 800 ವ್ಯಾಟಿನ ಮೆಷಿನ್, ಸಂದುಗಳಲ್ಲಿ ಗಾಳಿ ಸೋರುವ 2000 ವ್ಯಾಟಿನದಕ್ಕಿಂತ ಚೆನ್ನಾಗಿ ಕೆಲಸ ಮಾಡಬಹುದು. ಡಬ್ಬಿಯ ಮೇಲೆ ಎಳೆತ ಎಷ್ಟು ಅಂತ ತೋರಿಸಲು ಕಿಲೋಪ್ಯಾಸ್ಕಲ್ ಅಂತ ಇನ್ನೊಂದು ಸಂಖ್ಯೆಯನ್ನು ದೊಡ್ಡದಾಗಿ ಹಾಕಿರುತ್ತಾರೆ. ಅದನ್ನು ಅಳೆಯುವುದು ಬಾಯಿ ಪೂರ್ತಿ ಮುಚ್ಚಿದಾಗ, ಅಂದರೆ ಗಾಳಿಯೇ ಓಡದಿರುವಾಗ. ಧೂಳನ್ನು ಹೊತ್ತುಕೊಂಡು ಹೋಗುವುದು ಓಡುವ ಗಾಳಿ ತಾನೇ? ಆದ್ದರಿಂದ ಗಾಳಿಯ ಹರಿವು ಎಷ್ಟು ಅಂತಲೂ ನೋಡಿ, ಅದನ್ನು ಸೆಕೆಂಡಿಗೆ ಇಷ್ಟು ಲೀಟರ್ ಅಂತ ಬರೆದಿರುತ್ತಾರೆ. ಏರ್ ವ್ಯಾಟ್ ಅಂತ ಕೊಟ್ಟಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಎಳೆತ, ಹರಿವು ಎರಡೂ ಸೇರಿರುತ್ತವೆ.

ಆದರೆ ನಿಜ ಹೇಳಬೇಕಂದರೆ ನಾನು ಈಗ ಸಂಖ್ಯೆಗಿಂತ ಮೊದಲು ನೋಡುವುದು ಎರಡು: ನೆಲಕ್ಕೆ ತಾಗುವ ಹೆಡ್ ಎಂಥದ್ದು, ತುಂಬಿದ ಧೂಳನ್ನು ಖಾಲಿ ಮಾಡುವುದು ಹೇಗೆ.

ದಪ್ಪ ಕಾರ್ಪೆಟ್ಟಿನಿಂದ ಬೆಕ್ಕಿನ ಕೂದಲು ಬರೀ ಎಳೆತಕ್ಕೆ ಬರುವುದಿಲ್ಲ, ಅದನ್ನು ಕೆದಕಿ ಎಬ್ಬಿಸುವ, ತಿರುಗುವ ಬ್ರಷ್ ಬೇಕು. ಆ ಬ್ರಷ್ಷಿಗೆ ತನ್ನದೇ ಸಣ್ಣ ಮೋಟಾರ್ ಇರಬೇಕು. ಟರ್ಬೋ ಬ್ರಷ್ ಅಂತ ಅಗ್ಗದಲ್ಲಿ ಕೊಡುತ್ತಾರಲ್ಲ, ಅದು ಒಳಗೆ ಹೋಗುವ ಗಾಳಿಯಿಂದಲೇ ತಿರುಗುವಂಥದ್ದು, ದಪ್ಪ ಕಾರ್ಪೆಟ್ ಮೇಲೆ ಸ್ವಲ್ಪ ಒತ್ತಿದರೆ ಸುಸ್ತಾಗಿ ನಿಂತುಬಿಡುತ್ತದೆ. ಟೈಲ್ಸ್‌ಗೆ ಇದರ ಉಲ್ಟಾ. ಗಟ್ಟಿ ಕೂದಲಿನ ಬ್ರಷ್ ಜೋರಾಗಿ ತಿರುಗಿದರೆ ಕಾಳು, ಮರಳು ಎಲ್ಲ ಚಟಪಟ ಅಂತ ಹಿಂದಕ್ಕೆ, ನಿಮ್ಮ ಕಾಲಿಗೇ ಹಾರುತ್ತವೆ. ಅಲ್ಲಿಗೆ ಮೆತ್ತನೆ ಅಂಚಿನ, ತಿರುಗದ ಹೆಡ್ ಸಾಕು. ನಿಮಗೆ ಎರಡೂ ಬೇಕು. ಒಂದೇ ಹೆಡ್ ಎಲ್ಲದಕ್ಕೂ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ ಬ್ರಷ್ ತಿರುಗುವುದನ್ನು ಆಫ್ ಮಾಡಲು ಬಟನ್ ಇದೆಯಾ ಅಂತ ಕೇಳಿ. ಆ ತಿರುಗುವ ಬ್ರಷ್ಷನ್ನು ಕೈಯಲ್ಲೇ ಬಿಚ್ಚಲು ಬರುತ್ತಾ ಅಂತಲೂ ನೋಡಿ, ಯಾಕಂದರೆ ತಿಂಗಳಿಗೊಮ್ಮೆ ಕತ್ತರಿ ಹಿಡಿದು ಅದಕ್ಕೆ ಸುತ್ತಿಕೊಂಡ ಕೂದಲು ಕತ್ತರಿಸುವ ಕೆಲಸ ಇದ್ದೇ ಇರುತ್ತದೆ.

ಇನ್ನು ಧೂಳು ತುಂಬಿಕೊಳ್ಳುವ ಬ್ಯಾಗ್ ಬೇಕಾ ಬೇಡವಾ. ಬ್ಯಾಗ್ ಇಲ್ಲದ್ದು ನೋಡಲು ಚಂದ, ಪಾರದರ್ಶಕ ಡಬ್ಬಿಯೊಳಗೆ ಧೂಳು ಗಿರಗಿರ ತಿರುಗುತ್ತಿದ್ದರೆ ಏನೋ ಸಾಧಿಸಿದ ಹಾಗೆ ಇರುತ್ತದೆ. ತೊಂದರೆ ಶುರುವಾಗುವುದು ಖಾಲಿ ಮಾಡುವಾಗ. ಮುಚ್ಚಳ ತೆರೆದ ಕೂಡಲೇ ಅರ್ಧ ಧೂಳು ಮತ್ತೆ ಮೇಲೇಳುತ್ತದೆ, ಬೆಕ್ಕಿನ ಕೂದಲು ಉಂಡೆಯಾಗಿ ಸಿಕ್ಕಿಕೊಂಡು ಕೈ ಹಾಕಿಯೇ ಎಳೆಯಬೇಕಾಗುತ್ತದೆ, ಧೂಳಿನ ಅಲರ್ಜಿ ಇರುವವರು ಇರುವ ಮನೆಗೆ ಇದು ಬೇಕಾ ಹೇಳಿ? ಬ್ಯಾಗ್ ಆದರೆ ಬಾಯಿ ಮುಚ್ಚಿ ಹಾಗೇ ಎಸೆಯಬಹುದು, ಜೊತೆಗೆ ಬ್ಯಾಗೇ ಒಂದು ಫಿಲ್ಟರ್ ಥರ ಕೆಲಸ ಮಾಡುವುದರಿಂದ ಮುಂದಿನ ಫಿಲ್ಟರ್ ಬೇಗ ಕಟ್ಟುವುದಿಲ್ಲ. ಬ್ಯಾಗಿಗೆ ಖರ್ಚು ಮಾಡುತ್ತಲೇ ಇರಬೇಕು ಅನ್ನುವುದು ನಿಜ. ಆ ಮಾಡೆಲ್ಲಿನ ಬ್ಯಾಗ್ ಸುಲಭವಾಗಿ ಸಿಗುತ್ತಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ಅಮ್ಮನಿಗಾಗಿ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ (HEPA) ಫಿಲ್ಟರ್ ಇರಲಿ, ಆದರೆ ‘ಹೆಪಾ ಟೈಪ್’, ‘ಹೆಪಾ ಥರದ್ದು’ ಅಂತ ಬರೆದಿದ್ದರೆ ನಂಬಬೇಡಿ. ಎಚ್13 ಅಂತ ದರ್ಜೆ ಹಾಕಿರಬೇಕು. ಫಿಲ್ಟರಿನಿಂದ ತಪ್ಪಿಸಿಕೊಳ್ಳಲು ಅತಿ ಸುಲಭವಾದ ಗಾತ್ರದ ಕಣಗಳಲ್ಲೂ ಅದು ಶೇ. 99.95ರಷ್ಟನ್ನು ಹಿಡಿಯುತ್ತದೆ. ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಮೆಷಿನ್ನಿನ ಸಂದುಗಳು ಬಿಗಿಯಾಗಿರದಿದ್ದರೆ ಧೂಳು ಪಕ್ಕದಿಂದ ಹೊರಗೆ ಬರುತ್ತದೆ, ಹಾಗಾಗಿ ಇಡೀ ಮೆಷಿನ್ ಸೀಲ್ ಆಗಿದೆ ಅಂತ ಹೇಳಿದ್ದಾರಾ ನೋಡಿ.

ಕಾರ್ಡ್‌ಲೆಸ್ ಬಗ್ಗೆ ನನಗೆ ಸಿಟ್ಟೇನಿಲ್ಲ, ಮನೆಯಲ್ಲಿ ಒಂದಿದೆ, ಊಟದ ಟೇಬಲ್ ಕೆಳಗೆ ಚೆಲ್ಲಿದ್ದನ್ನು ಎತ್ತಲು ಅದರಷ್ಟು ಸಲೀಸು ಯಾವುದೂ ಇಲ್ಲ. ಆದರೆ ಡಬ್ಬಿ ಮೇಲಿನ ಒಂದು ಗಂಟೆ ಅನ್ನುವುದು ಸಾಮಾನ್ಯವಾಗಿ ಅತಿ ಕಮ್ಮಿ ವೇಗದಲ್ಲಿ. ಕಾರ್ಪೆಟ್ ಮೇಲೆ ಪೂರ್ತಿ ಜೋರಿನಲ್ಲಿ ಇಟ್ಟರೆ ನನ್ನದು ಹತ್ತು ನಿಮಿಷವೂ ಬರುವುದಿಲ್ಲ. ಧೂಳಿನ ಡಬ್ಬಿಯೂ ಸಣ್ಣದು, ಬೆಕ್ಕಿನ ಕೂದಲಿಗೆ ಎರಡು ಕೋಣೆ ಮುಗಿಯುವಷ್ಟರಲ್ಲಿ ತುಂಬುತ್ತದೆ. ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತದೆ, ನಾವೇ ಬದಲಾಯಿಸಲು ಬರದ ಮಾಡೆಲ್ ಆದರೆ ಇಡೀ ಮೆಷಿನ್ನೇ ಕಸ. ಎರಡನೆಯ ಮೆಷಿನ್ ಆಗಿ ತಗೊಳ್ಳಿ, ಇದರ ಬದಲಿಗೆ ಬೇಡ. ತಾನೇ ಓಡಾಡಿ ಗುಡಿಸುವ ರೋಬೋಗೂ ಇದೇ ಮಾತು. ಧೂಳನ್ನು ನೀರಿನಲ್ಲಿ ಹಿಡಿಯುವ, ನೀರಿನ ಫಿಲ್ಟರಿನದು ಬೇಡವೇ ಬೇಡ, ಪ್ರತಿ ಸಲ ಆ ಕೊಳಕು ನೀರನ್ನು ಆಗಲೇ ಚೆಲ್ಲಿ ತೊಳೆದಿಡಬೇಕು, ಒಂದು ರಾತ್ರಿ ಮರೆತರೆ ನಾತ.

ಅಂದರೆ ನಿಮ್ಮ ಮನೆಗೆ ಚಕ್ರದ ಮೇಲೆ ಹಿಂದೆ ಎಳೆದುಕೊಂಡು ಹೋಗುವ, ವೈರ್ ಇರುವ, ಬ್ಯಾಗ್ ಇರುವ ಕ್ಯಾನಿಸ್ಟರ್, 700ರಿಂದ 900 ವ್ಯಾಟ್ ಸಾಕು. ಅಂಗಡಿಯಲ್ಲಿ ಒಂದು ಸಲ ಎತ್ತಿ ನೋಡಿ, ಅಮ್ಮನ ಕೈಗೂ ಕೊಡಿ. ಸದ್ದು ಎಷ್ಟು ಡೆಸಿಬಲ್ ಅಂತ ಬರೆದಿರುತ್ತದೆ, 10 ಜಾಸ್ತಿ ಅಂದರೆ ಕಿವಿಗೆ ಸುಮಾರು ಎರಡರಷ್ಟು ಅನಿಸುತ್ತದೆ. ಬೆಕ್ಕು ಮಂಚದ ಕೆಳಗಿಂದ ಹೊರಗೇ ಬರುವುದಿಲ್ಲ ಆಮೇಲೆ.

ಒಂದು ಮಾತು ಮರೆತಿದ್ದೆ. ಮನೆಯಲ್ಲಿ ಗೋಡೆ ಕೊರೆದಾಗ ಬೀಳುವ ಸಿಮೆಂಟ್ ಪುಡಿಯನ್ನು ಹೊಸ ಮೆಷಿನ್ನಿನಿಂದ ಎಳೆಯಬೇಡಿ. ಅದು ಫಿಲ್ಟರನ್ನು ನಿಮಿಷದಲ್ಲಿ ಕಟ್ಟುತ್ತದೆ, ಫಿಲ್ಟರ್ ದಾಟಿದ್ದು ಮೋಟಾರಿಗೆ ಹೋಗುತ್ತದೆ. ನನ್ನ ಮೊದಲನೆಯ ವ್ಯಾಕ್ಯೂಮ್ ಸತ್ತಿದ್ದು ಹಾಗೆ, ಒಂದೇ ಮಧ್ಯಾಹ್ನದಲ್ಲಿ, ಪೂರ್ತಿ ನನ್ನದೇ ತಪ್ಪು.

ಮೊದಲು ಹೋಸಿನಲ್ಲಿ ಗೋಲಿ ಬಿಟ್ಟು ನೋಡಿ. ಏನು ಸಿಕ್ಕಿತು ಅಂತ ಹೇಳಿ.