ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಜರ್ಮನಿಯ ಡಾರ್ಟ್‌ಮುಂಡ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ಇಂಜಿನಿಯರಿಂಗ್ ಮಾಡಬೇಕೆಂದಿದ್ದಾಳೆ. ಅಲ್ಲಿ ಯಾವ ಕಾಂಬಿನೇಶನ್ ತೆಗೆದುಕೊಳ್ಳಬೇಕು? ಪಿಯುಸಿಗಿಂತ ಸುಲಭವೇ?

ಸರ್, ಇದನ್ನೇ ನಮ್ಮಪ್ಪ ಕೂಡ ಕೇಳಿದ್ದರು. ಆಗ ನಾನು ಎಂಟನೇ ಕ್ಲಾಸ್ ಮುಗಿಸಿ ಮೈಸೂರಿನಿಂದ ಡಾರ್ಟ್‌ಮುಂಡ್ ಇರುವ ಇದೇ ನಾರ್ಡ್‌ರೈನ್-ವೆಸ್ಟ್‌ಫಾಲನ್ ರಾಜ್ಯಕ್ಕೆ ಬಂದಿದ್ದೆ. ಕಾಂಬಿನೇಶನ್ ಬಗ್ಗೆ ಮನೆಯಲ್ಲಿ ರಾತ್ರಿಯೆಲ್ಲ ಚರ್ಚೆ. ಅಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ನನಗೆ ಪೆಟ್ಟು ಬಿದ್ದಿದ್ದು ಬೇರೆ ಕಡೆ.

ಮೊದಲು ನಿಮ್ಮ ಪ್ರಶ್ನೆಗೇ ಬರುತ್ತೇನೆ. ಪಿಸಿಎಂಬಿ ತರಹದ್ದು ಇಲ್ಲಿಲ್ಲ. ಕೊನೆಯ ಮೂರು ವರ್ಷಕ್ಕೆ ಓಬರ್‌ಸ್ಟೂಫೆ ಅಂತಾರೆ, ಅದರ ಕೊನೆಗೆ ಬರುವ ಪರೀಕ್ಷೆ ಅಬಿಟೂರ್. ಎರಡು ವಿಷಯ ಲೈಸ್ಟುಂಗ್ಸ್‌ಕುರ್ಸ್, ಅಂದರೆ ಹೆಚ್ಚು ಆಳದ ಕೋರ್ಸ್, ವಾರಕ್ಕೆ 5 ಪೀರಿಯಡ್. ಉಳಿದವು ಗ್ರುಂಡ್‌ಕುರ್ಸ್, ಸಾಮಾನ್ಯವಾಗಿ 3 ಪೀರಿಯಡ್. ಗಣಿತ, ಭೌತಶಾಸ್ತ್ರ ಎರಡನ್ನೂ ಲೈಸ್ಟುಂಗ್ಸ್‌ಕುರ್ಸ್ ಮಾಡಿಕೊಂಡರೂ ಜರ್ಮನ್ ಭಾಷೆ ಬಿಡುವ ಹಾಗಿಲ್ಲ. ಭಾಷೆ-ಸಾಹಿತ್ಯ, ಸಮಾಜ, ಗಣಿತ-ವಿಜ್ಞಾನ ಅಂತ ಮೂರು ಗುಂಪುಗಳಿವೆ. ಅಬಿಟೂರ್ ಪರೀಕ್ಷೆಯಲ್ಲಿ ಮೂರರಿಂದಲೂ ವಿಷಯ ಇರಲೇಬೇಕು. ರೋಬೋಟ್ ಮಾಡುವ ಹುಡುಗಿಯೂ ಇತಿಹಾಸವನ್ನೋ ಭೂಗೋಳವನ್ನೋ ತತ್ತ್ವಶಾಸ್ತ್ರವನ್ನೋ ಪರೀಕ್ಷೆಗೆ ಓದಬೇಕು. ಆಟದ ಪೀರಿಯಡ್‌ಗೂ ಮಾರ್ಕ್ಸ್ ಇದೆ.

ಈಗ ನನ್ನ ಕಥೆ. ನಮ್ಮೂರಿನ ಶಾಲೆಯಲ್ಲಿ ನಾನು ಒಳ್ಳೆ ಹುಡುಗಿ. ಒಳ್ಳೆ ಹುಡುಗಿ ಅಂದರೆ ಸುಮ್ನೆ ಕೂತು ಬರೆದುಕೊಳ್ಳುವವಳು, ಮೇಷ್ಟ್ರು ಕೇಳಿದರೆ ಎದ್ದು ನಿಂತು ಉತ್ತರ ಹೇಳುವವಳು. ಇಲ್ಲಿಯೂ ಹಾಗೇ ಇದ್ದೆ. ಜರ್ಮನ್ ಇನ್ನೂ ತಡವರಿಸುತ್ತಿತ್ತು, ತಪ್ಪು ಮಾತಾಡಿ ನಗೆಪಾಟಲಾಗುವುದಕ್ಕಿಂತ ಸುಮ್ಮನಿರುವುದು ಮೇಲು ಅಂದುಕೊಂಡೆ. ಲಿಖಿತ ಪರೀಕ್ಷೆಗೆ ಇಲ್ಲಿ ಕ್ಲೌಸೂರ್ ಅಂತಾರೆ. ಅದರಲ್ಲಿ ಗಣಿತಕ್ಕೆ 13 ಬಂತು. ಇಲ್ಲಿ ಮಾರ್ಕ್ಸ್ 0ಯಿಂದ 15ರವರೆಗೆ, 13 ಅಂದರೆ ತುಂಬಾ ಚೆನ್ನಾಗಿದೆ ಅಂತ. ಸೆಮಿಸ್ಟರ್ ಕೊನೆಗೆ ಅಂಕಪಟ್ಟಿಯಲ್ಲಿ ಮಾತ್ರ 9. ಟೀಚರ್ ಕೂಡಿಸುವಾಗ ತಪ್ಪು ಮಾಡಿದ್ದಾರೆ ಅಂತ ಅಪ್ಪ ಹೊರಟೇಬಿಟ್ಟರು.

ತಪ್ಪೇನೂ ಆಗಿರಲಿಲ್ಲ. ಕೋರ್ಸ್‌ನ ಮಾರ್ಕ್ಸ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಮಾತ್ರ ಕ್ಲೌಸೂರ್‌ದು. ಇನ್ನರ್ಧ ಸೊನ್‌ಸ್ಟಿಗೆ ಮಿಟ್‌ಆರ್ಬೈಟ್, ಕ್ಲಾಸಿನಲ್ಲಿ ನೀವು ಭಾಗವಹಿಸುವುದು. ಅದರಲ್ಲೂ ಮುಖ್ಯವಾಗಿ ಕೈ ಎತ್ತಿ ಮಾತಾಡುವುದು. ಅದರಲ್ಲಿ ನನಗೆ ಸಿಕ್ಕಿದ್ದು 5. ಅದೂ ಹೋಂವರ್ಕ್ ಮಾಡುತ್ತಿದ್ದೆ ಅನ್ನುವ ಕರುಣೆಗೆ ಅಂತ ಈಗಲೂ ನನ್ನ ಅನುಮಾನ.

ಇದು ಎಷ್ಟು ದುಬಾರಿ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಜಾಸ್ತಿ ಆದರೂ ಸಹಿಸಿಕೊಳ್ಳಿ. ಅಬಿಟೂರ್‌ಗೆ ಒಟ್ಟು 900 ಪಾಯಿಂಟ್. ಅದರಲ್ಲಿ ಕೊನೆಯ ಪರೀಕ್ಷೆಗಳಿಗೆ 300 ಮಾತ್ರ. ಉಳಿದ 600 ಕೊನೆಯ ಎರಡು ವರ್ಷದ ಕೋರ್ಸ್‌ಗಳಿಂದ ಬರುತ್ತದೆ. ಆ ಲೆಕ್ಕದಲ್ಲಿ ಲೈಸ್ಟುಂಗ್ಸ್‌ಕುರ್ಸ್ ಎರಡು ಪಟ್ಟು. ಹಾಗಾಗಿ 13ರ ಜಾಗದಲ್ಲಿ 9 ಬಂದರೆ ಹೋಗುವುದು 4 ಅಲ್ಲ, 8. ಎರಡು ಲೈಸ್ಟುಂಗ್ಸ್‌ಕುರ್ಸ್, ನಾಲ್ಕು ಸೆಮಿಸ್ಟರ್, ಎಲ್ಲ ಕಡೆ ಹೀಗೇ ಆದರೆ ಹತ್ತಿರ ಹತ್ತಿರ 60 ಪಾಯಿಂಟ್ ಮಾಯ. ಪ್ರತಿ 18 ಪಾಯಿಂಟ್‌ಗೆ ಕೊನೆಯ ಗ್ರೇಡ್ 0.1ರಷ್ಟು ಕೆಡುತ್ತದೆ. ಇಲ್ಲಿ 1.0 ಅತ್ಯುತ್ತಮ, 4.0ಕ್ಕೆ ಪಾಸ್. ಗ್ರುಂಡ್‌ಕುರ್ಸ್‌ಗಳಲ್ಲಿ ಬಾಯಿ ಮುಚ್ಚಿ ಕೂತಿದ್ದು ಬೇರೆ. ಕ್ಲೌಸೂರ್‌ಗೆ ಇನ್ನೂ ಜಾಸ್ತಿ ಓದಿ ತುಂಬಿಸಿಕೊಳ್ಳುತ್ತೇನೆ ಅಂತ ಹಟ ಹಿಡಿದೆ. ತೂತು ಬಿಂದಿಗೆಗೆ ನೀರು ಹೊತ್ತ ಹಾಗಾಯಿತು. ನನಗೆ ಮೆಡಿಕಲ್ ಬೇಕಿತ್ತು, ಅದಕ್ಕೆ 1.0ರ ಆಸುಪಾಸಿನವರೇ ಪೈಪೋಟಿ ಮಾಡುತ್ತಾರೆ. ನನಗೆ ಬಂದಿದ್ದು 1.9. ಈಗ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಚೆನ್ನಾಗೇ ಇದ್ದೇನೆ, ಆದರೆ ಆ ಸೀಟು ತಪ್ಪಿದ್ದು ಬುದ್ಧಿ ಸಾಲದೆ ಅಲ್ಲ.

ಈ ಪದ್ಧತಿ ಮೊದಲಿನಿಂದ ಹೀಗಿರಲಿಲ್ಲ. ಪ್ರಷ್ಯಾ ಅನ್ನುವ ಹಳೆಯ ಜರ್ಮನ್ ರಾಜ್ಯದಲ್ಲಿ 1788ರಲ್ಲಿ ಅಬಿಟೂರ್‌ಗೆ ಮೊದಲ ನಿಯಮ ಬಂತು. 1834ರಿಂದ ಅದಿಲ್ಲದೆ ಯೂನಿವರ್ಸಿಟಿ ಬಾಗಿಲು ತೆರೆಯದ ಹಾಗಾಯಿತು. ಆಗ ಲ್ಯಾಟಿನ್, ಗ್ರೀಕ್ ಕಲಿತ ಗಂಡು ಹುಡುಗರದ್ದೇ ರಾಜ್ಯ. ವಿಜ್ಞಾನಕ್ಕೆ ಒತ್ತು ಕೊಡುವ ಶಾಲೆಗಳಿಗೆ ಸಮಾನ ಸ್ಥಾನ ಸಿಕ್ಕಿದ್ದೇ 1900ರಲ್ಲಿ. ಹುಡುಗಿಯರಿಗಾಗಿ ಹೆಲೆನೆ ಲಾಂಗೆ ಅನ್ನುವ ಶಿಕ್ಷಕಿ ಬರ್ಲಿನ್‌ನಲ್ಲಿ ಬೇರೆ ತರಗತಿ ನಡೆಸಿದರು, ಅಲ್ಲಿ ಓದಿದ ಆರು ಜನ 1896ರಲ್ಲಿ ಅಬಿಟೂರ್ ಪಾಸಾದರು. ಕಾಯಂ ಕ್ಲಾಸ್ ಒಡೆದು, ಲೈಸ್ಟುಂಗ್ಸ್‌ಕುರ್ಸ್, ಗ್ರುಂಡ್‌ಕುರ್ಸ್ ಅಂತ ಮಾಡಿ, ಆ ಕೋರ್ಸ್‌ಗಳ ಮಾರ್ಕ್ಸ್ ಅನ್ನೇ ಕೊನೆಯ ಲೆಕ್ಕಕ್ಕೆ ಸೇರಿಸಿದ್ದು ಪಶ್ಚಿಮ ಜರ್ಮನಿಯ ರಾಜ್ಯಗಳು 1972ರಲ್ಲಿ ಮಾಡಿಕೊಂಡ ಒಪ್ಪಂದ. ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಕೊನೆಯಲ್ಲಿ ಒಂದು ದೊಡ್ಡ ಪರೀಕ್ಷೆ ಇದೆ, ಆಗ ಕೂತು ಓದಿದರಾಯಿತು ಅಂತ ನಮ್ಮ ಪಿಯುಸಿ ತಲೆ ಹೇಳುತ್ತಿತ್ತು.

ಹಾಗಾಗಿ ಸುಲಭವಾ ಕಷ್ಟವಾ ಅನ್ನುವುದಕ್ಕೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಗಣಿತದ ಸಿಲಬಸ್ ನೋಡಿದರೆ ನಿಮ್ಮ ಮಗಳು ನಗಬಹುದು. ಜರ್ಮನ್ ಕ್ಲೌಸೂರ್‌ನಲ್ಲಿ ಗಂಟೆಗಟ್ಟಲೆ ಕೂತು ಒಂದು ಕವಿತೆಯನ್ನು ಬಿಡಿಸಿ ಬರೆಯುವಾಗ ಅಳಬಹುದು.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೊದಲ ವರ್ಷದ ಮಾರ್ಕ್ಸ್ ಅಬಿಟೂರ್ ಲೆಕ್ಕಕ್ಕೆ ಬರುವುದಿಲ್ಲ. ಆ ವರ್ಷ ಮಾತಾಡಲಿ. ತಪ್ಪು ವ್ಯಾಕರಣದಲ್ಲೇ ಮಾತಾಡಲಿ. ಟೀಚರ್ ಹತ್ತಿರ ಹೋಗಿ "ನನ್ನ ಮೌಖಿಕ ಮಾರ್ಕ್ಸ್ ಈಗ ಎಷ್ಟಿದೆ, ಏನು ಮಾಡಿದರೆ ಜಾಸ್ತಿಯಾಗುತ್ತದೆ?" ಅಂತ ಕೇಳಲಿ. ಇಲ್ಲಿ ಅದು ಅಧಿಕಪ್ರಸಂಗ ಅಲ್ಲ, ಎಲ್ಲರೂ ಕೇಳುತ್ತಾರೆ. ಗಣಿತದ ಟ್ಯೂಷನ್‌ಗೆ ಇಟ್ಟ ದುಡ್ಡನ್ನು ಜರ್ಮನ್ ಮಾತು ಕಲಿಯಲು ಹಾಕಿ. ಗಿಮ್ನಾಸಿಯಂ, ಅಂದರೆ ಯೂನಿವರ್ಸಿಟಿಗೆ ತಯಾರು ಮಾಡುವ ಹೈಸ್ಕೂಲ್, ಸಿಗದಿದ್ದರೆ ಮಾನ ಹೋಯಿತು ಅಂತ ಕೂರಬೇಡಿ. ಓಬರ್‌ಸ್ಟೂಫೆ ಇರುವ ಗೆಸಾಮ್ಟ್‌ಶೂಲೆಯಲ್ಲೂ, ಅಂದರೆ ಎಲ್ಲ ಮಟ್ಟದ ಮಕ್ಕಳು ಒಟ್ಟಿಗೆ ಓದುವ ಶಾಲೆಯಲ್ಲೂ, ಸಿಗುವುದು ಅದೇ ಅಬಿಟೂರ್. ಭಾಷೆ ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಎಷ್ಟೋ ಸಲ ಅದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇಂಜಿನಿಯರಿಂಗ್‌ಗೆ ಎಷ್ಟೋ ಕಡೆ ಗ್ರೇಡಿನ ಮಿತಿಯೇ ಇಲ್ಲ, ಅಬಿಟೂರ್ ಇದ್ದರೆ ಸೀಟು ಕೊಡುತ್ತಾರೆ. ಹಾಗಿದ್ದರೆ ಇಷ್ಟೆಲ್ಲ ಯಾಕೆ ಅಂತೀರಾ? ಈ ವಯಸ್ಸಿನಲ್ಲಿ ಮನಸ್ಸು ಬದಲಾಗುತ್ತದೆ ಸರ್. ನಾನೂ ಮೊದಲು ಇಂಜಿನಿಯರ್ ಆಗುತ್ತೇನೆ ಅಂತಿದ್ದವಳೇ.

ಇನ್ನೊಂದು ವಿಷಯ. ಎರಡು ಪೀರಿಯಡ್ ಮಧ್ಯೆ ಖಾಲಿ ಇದ್ದಾಗ ಮಕ್ಕಳು ಬೇಕರಿಗೆ ಹೋಗಿ ಕೂರುತ್ತಾರೆ. ಕೊನೆಯ ಪಾರ್ಟಿಗೆ ದುಡ್ಡು ಕೂಡಿಸಲು ವಾಫೆಲ್ ಮಾರುತ್ತಾರೆ. ಕೊನೆಯ ವಾರ ಮೊಟ್ಟೊವೋಖೆ, ದಿನಕ್ಕೊಂದು ವೇಷ. ಒಂದು ದಿನ ಅಜ್ಜಿ-ತಾತ, ಇನ್ನೊಂದು ದಿನ ಬಾಲವಾಡಿ ಮಕ್ಕಳು. ಓದು ಕೆಡುತ್ತದೆ ಅಂತ ಇದಕ್ಕೆಲ್ಲ ನನ್ನನ್ನು ಕಳಿಸುತ್ತಿರಲಿಲ್ಲ. ವಾಫೆಲ್ ಹುಯ್ಯುವ ಕಡೆಯೇ ಜರ್ಮನ್ ನಾಲಿಗೆ ಹೊರಳುವುದು, ದಯವಿಟ್ಟು ಕಳಿಸಿ. ಹದಿನೆಂಟು ತುಂಬಿದ ಮೇಲೆ ರಜಾ ಚೀಟಿಗೆ ಅವಳೇ ಸಹಿ ಹಾಕುತ್ತಾಳೆ, ಅದಕ್ಕೂ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕೊನೆಗೆ, ಯಾರೂ ತಾವಾಗಿ ಹೇಳದ ಒಂದು ಸಂಗತಿ. ಇಲ್ಲಿ ಎರಡನೇ ವಿದೇಶಿ ಭಾಷೆಯೂ ಬೇಕು. ಹಿಂದಿನ ತರಗತಿಗಳಲ್ಲಿ ಅಂಥ ಭಾಷೆ ಕಲಿತದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಓಬರ್‌ಸ್ಟೂಫೆಯಲ್ಲಿ ಹೊಸದೊಂದನ್ನು ಶುರು ಮಾಡಿ ಕೊನೆಯವರೆಗೂ ಓದಬೇಕು. ನಾನು ಜರ್ಮನ್ನೇ ಸರಿಯಾಗಿ ಬಾರದೆ ಸ್ಪ್ಯಾನಿಷ್ ಕಲಿತೆ. ಮಾತೃಭಾಷೆಯಲ್ಲಿ ಪರೀಕ್ಷೆ ಬರೆದು ಇದರಿಂದ ತಪ್ಪಿಸಿಕೊಳ್ಳುವ ದಾರಿ ಇದೆ, ಆದರೆ ಆ ಭಾಷೆಗೆ ಪರೀಕ್ಷಕರು ಸಿಗಬೇಕು. ಕನ್ನಡಕ್ಕೆ ಸಿಗುತ್ತಾರಾ ಅಂತ ಶಾಲೆಗೆ ಹೋದ ಮೊದಲ ದಿನವೇ ಕೇಳಿ. ಅವಳು ಹಿಂದಿ ಓದಿದ್ದರೆ ಆರನೇ ತರಗತಿಯಿಂದ ಹತ್ತರವರೆಗಿನ ಅಂಕಪಟ್ಟಿಗಳನ್ನೂ ತನ್ನಿ. ಇಲ್ಲಿಗೆ ಬಂದ ಮೇಲೆ ಅವನ್ನು ಊರಿನಿಂದ ತರಿಸುವುದು ದೊಡ್ಡ ತಲೆನೋವು.