ಹಾರ, ಪೇಟದಲ್ಲೇ ಗಂಟೆ ಮುಗಿದರೆ ಪ್ರಶ್ನೆ ಕೇಳುವುದು ಯಾವಾಗ?

ಪ್ರಶ್ನೆ: ನಮ್ಮ ಕಾಲೇಜಿನ ಬಿ.ಎಸ್ಸಿ.ಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಸಂಶೋಧನೆಗೆ ಹೋಗುವವರು ಮಾತ್ರ ಬೆರಳೆಣಿಕೆ. ಅವರಿಗಾಗಿ ಮಹಿಳಾ ವಿಜ್ಞಾನಿಗಳ ಉಪನ್ಯಾಸ ಮಾಲೆ ಶುರು ಮಾಡಿದ್ದೇವೆ. ಮೊದಲ ಕಾರ್ಯಕ್ರಮದಲ್ಲಿ ಹುಡುಗಿಯರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಏನು ಮಾಡಬೇಕು?
– ಉಪನ್ಯಾಸಕಿ, ಮಂಡ್ಯ

ಉತ್ತರ: ಮೊದಲು ವೇಳೆ ಬದಲಿಸಿ. ಮಧ್ಯಾಹ್ನ ಮೂರೂವರೆಗೆ ಇಟ್ಟರೆ ನಾಗಮಂಗಲ, ಕೆ.ಆರ್. ಪೇಟೆ ಬಸ್ಸು ಹಿಡಿಯಬೇಕಾದವರ ಕಣ್ಣೆಲ್ಲ ಗಡಿಯಾರದ ಮೇಲೆ. ಪ್ರಾಯೋಗಿಕ ತರಗತಿ ಇಲ್ಲದ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಇಡಿ. ಪ್ರಾರ್ಥನೆ, ದೀಪ, ಹಾರ, ಪ್ರಾಂಶುಪಾಲರ ನುಡಿ ಎಲ್ಲ ಸೇರಿ ಹತ್ತು ನಿಮಿಷ ದಾಟದಿರಲಿ. (ಮೈಸೂರು ಪೇಟ ತೊಡಿಸಲೇಬೇಕೆಂದರೆ ಕೊನೆಯಲ್ಲಿ ತೊಡಿಸಿ, ಫೋಟೊ ಆಗಲೂ ಚೆನ್ನಾಗಿಯೇ ಬರುತ್ತದೆ.) ಉಪನ್ಯಾಸಕ್ಕೆ 35 ನಿಮಿಷ, ಪ್ರಶ್ನೆಗಳಿಗೆ 25.

ಹುಡುಗಿಯರ ಬಾಯಿ ಕಟ್ಟುವುದು ಬಹುಮಟ್ಟಿಗೆ ಇಂಗ್ಲಿಷಿನ ಅಂಜಿಕೆ, ಜೊತೆಗೆ ಮುಂದಿನ ಸಾಲಲ್ಲಿ ಕೂತ ಮೇಷ್ಟ್ರುಗಳು. ಬಾಗಿಲಲ್ಲೇ ಒಬ್ಬೊಬ್ಬರಿಗೂ ಚೀಟಿ ಕೊಡಿ. ಕನ್ನಡದಲ್ಲಿ, ಹೆಸರಿಲ್ಲದೆ ಬರೆಯಲಿ. ನಿರೂಪಕಿ ಅವನ್ನು ಓದಲಿ. ಮೊದಲ ಪ್ರಶ್ನೆ ವಿದ್ಯಾರ್ಥಿನಿಯದೇ ಇರಲಿ, ಅಧ್ಯಾಪಕರಿಗೆ ಕೊನೆಯ ಐದು ನಿಮಿಷ ಧಾರಾಳ. ಆಮೇಲೆ ಕಾಫಿಗೆಂದು ಅತಿಥಿಯನ್ನು ಪ್ರಾಂಶುಪಾಲರ ಕೊಠಡಿಗೆ ಕರೆದೊಯ್ಯಬೇಡಿ. ಲ್ಯಾಬಿನಲ್ಲೇ ಹತ್ತು ಹನ್ನೆರಡು ಹುಡುಗಿಯರ ನಡುವೆ ಕೂರಿಸಿ. ಫೆಲೋಶಿಪ್ ಹಣ ಸರಿಯಾಗಿ ಬರುತ್ತದಾ, ಹಾಸ್ಟೆಲ್ ಸಿಗುತ್ತದಾ, ಮನೆಯಲ್ಲಿ ಹೇಗೆ ಒಪ್ಪಿಸಿದಿರಿ ಎಂಬ ನಿಜವಾದ ಪ್ರಶ್ನೆಗಳು ಹೊರಬರುವುದು ಅಲ್ಲೇ.

ಅತಿಥಿಗಳಿಗಾಗಿ ಬೆಂಗಳೂರಿಗೇ ಹೋಗಬೇಕಿಲ್ಲ. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಸಂಶೋಧನೆಯ ಸಿಎಫ್‌ಟಿಆರ್‌ಐ, ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣ, ವಾಕ್ ಮತ್ತು ಶ್ರವಣ ಸಂಸ್ಥೆ ಇವೆ. ನಿಮ್ಮ ಮಗ್ಗುಲಲ್ಲೇ ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂ ಇದೆ. ಸರ್ಕಾರಿ ಸಂಸ್ಥೆಯವರು ಮೇಲಿನವರ ಅನುಮತಿ ಪಡೆಯಬೇಕಾಗಬಹುದು, ಆರು ವಾರ ಮುಂಚೆಯೇ ಪತ್ರ ಕೊಡಿ. ಹೆಸರಾದ ಹಿರಿಯರೊಬ್ಬರು ಬಂದರೆ, ಈಗ ಪಿಎಚ್.ಡಿ. ಮಾಡುತ್ತಿರುವವರು ಇಬ್ಬರಾದರೂ ಬರಲಿ. ಅರ್ಜಿ, ಸಂದರ್ಶನ, ಗೈಡ್ ಹುಡುಕುವ ಪಾಡು ಅವರಿಗೆ ಹಸಿಯಾಗಿ ನೆನಪಿರುತ್ತದೆ. ವಿಷಯ ಅವರ ಸಂಶೋಧನೆಯೇ ಆಗಿರಲಿ. ‘ಸಂಸಾರ ಮತ್ತು ವಿಜ್ಞಾನ’ ಎಂಬ ಶೀರ್ಷಿಕೆ ಕೊಟ್ಟು ಗಂಡಸರನ್ನು ಯಾರೂ ಕರೆಯುವುದಿಲ್ಲವಲ್ಲ! ಫೆಬ್ರುವರಿ 11ರ ಮಹಿಳಾ ವಿಜ್ಞಾನ ದಿನ, 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೇ ಅಂಟಿಕೊಳ್ಳಬೇಡಿ, ಆಗ ಎಲ್ಲ ಕಾಲೇಜುಗಳೂ ಇವರನ್ನೇ ಕರೆಯುತ್ತವೆ.

ಪೋಸ್ಟರಿಗೆ ಪ್ರತಿಸಲ ಮೇರಿ ಕ್ಯೂರಿಯೇ ಯಾಕೆ? ಮೈಸೂರು ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಎಂ.ಎಸ್ಸಿ. ಪಡೆದು, ಮಿಷಿಗನ್‌ನಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದ ರಾಜೇಶ್ವರಿ ಚಟರ್ಜಿ ಇಲ್ಲವೇ?

ಪ್ರಶ್ನೆ: ಉಪನ್ಯಾಸಕ್ಕೆ ಬಂದಿದ್ದ ವಿಜ್ಞಾನಿ ಮೇಡಂ ‘ಮೇಲ್ ಮಾಡಮ್ಮ’ ಅಂದರು. ಏನಂತ ಬರೆಯಲಿ?
– ಎರಡನೇ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ವಾರದೊಳಗೆ ಬರೆಯಿರಿ, ಹತ್ತು ಸಾಲು ಸಾಕು. ಯಾವ ಊರಿನಲ್ಲಿ, ಯಾವ ದಿನ ಕೇಳಿದ ಉಪನ್ಯಾಸ ಎಂದು ಮೊದಲ ಸಾಲಲ್ಲೇ ತಿಳಿಸಿ. ಅವರು ಹೇಳಿದ್ದರಲ್ಲಿ ನಿಮಗೆ ಅರ್ಥವಾಗದ ಒಂದು ಅಂಶ, ಅವರ ಲ್ಯಾಬಿನಲ್ಲಿ ಕೆಲಸ ಕಲಿಯಲು ನಿಮಗೆ ಬಿಡುವಿರುವ ತಿಂಗಳು, ಲ್ಯಾಬಿನಲ್ಲಿ ಕೈಯಾರೆ ಮಾಡಿ ಗೊತ್ತಿರುವ ಕೆಲಸ (ಟೈಟ್ರೇಷನ್ ಆದರೂ ಸರಿ) ಬರೆಯಿರಿ. ಒಂದು ಪುಟದ ಸ್ವವಿವರವನ್ನು ಪಿಡಿಎಫ್ ಮಾಡಿ ಲಗತ್ತಿಸಿ. ಒಂದೇ ಪತ್ರವನ್ನು ನಲವತ್ತು ಜನರಿಗೆ ಒಟ್ಟಿಗೆ ಕಳಿಸಿದರೆ ಒಬ್ಬರೂ ಉತ್ತರಿಸುವುದಿಲ್ಲ. ಹದಿನೈದು ದಿನ ಕಾದು ಒಮ್ಮೆ ನೆನಪಿಸಬಹುದು, ಎರಡನೇ ಸಲ ಬೇಡ. ಜೊತೆಗೇ ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ. ಬೇಸಿಗೆ ಬರಲಿ ಅಂತ ಕಾದರೆ ಕೊನೆಯ ದಿನಾಂಕ ಮುಗಿದಿರುತ್ತದೆ. ಅಧ್ಯಾಪಕರ ಶಿಫಾರಸು ಪತ್ರವನ್ನು ದಸರಾ ರಜೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.