ಕಾಲು ನೆಟ್ಟಗಾಯಿತೆಂದು ಶೂ ಬಿಚ್ಚಿಡಬೇಡಿ

ಪ್ರಶ್ನೆ: ಮಗುವಿಗೆ ಎಂಟು ತಿಂಗಳು, ಹುಟ್ಟಿನಿಂದಲೇ ಸೊಟ್ಟಪಾದ. ಆರು ಪ್ಲಾಸ್ಟರ್ ಆಗಿ ನೆಟ್ಟಗಾಗಿದೆ. ರಾತ್ರಿ ಕಂಬಿ ಶೂ (ಒಂದೇ ಕಂಬಿಗೆ ಜೋಡಿಸಿದ ಎರಡು ಶೂ) ಹಾಕಿದರೆ ಅಳುತ್ತದೆ. ಬಿಡಬಹುದೇ? ಇದು ಪೊನ್ಸೆಟಿ ವಿಧಾನವಂತೆ, ಪೊನ್ಸೆಟಿ ಅಂದರೆ ಯಾರು? (ಬದಿಯಡ್ಕದ ತಾಯಿ)

ಬಿಡಬಾರದು, ಬಿಟ್ಟರೆ ಪಾದ ಮತ್ತೆ ತಿರುಗಬಹುದು. ಕುಂಬಳೆಯಿಂದಲೂ ಮುಳ್ಳೇರಿಯದಿಂದಲೂ ಇದೇ ಪ್ರಶ್ನೆ, ಉತ್ತರ ಬದಲಾಗುವುದಿಲ್ಲ.

ಇಗ್ನಾಸಿಯೊ ಪೊನ್ಸೆಟಿ 1914ರಲ್ಲಿ ಸ್ಪೇನಿನ ಮಿನೋರ್ಕಾ ದ್ವೀಪದಲ್ಲಿ ಹುಟ್ಟಿದ, ಗಡಿಯಾರ ರಿಪೇರಿಯವರ ಮಗ. ಅಂತರ್ಯುದ್ಧದಲ್ಲಿ ಗಾಯಾಳುಗಳ ಎಲುಬು ಕೂಡಿಸಿ, ದೇಶ ಬಿಟ್ಟು, ಮೆಕ್ಸಿಕೊ ಹಾದು 1941ರಲ್ಲಿ ಅಮೆರಿಕದ ಅಯೋವಾ ಸೇರಿದರು. ಮೊದಲೇ ಆಪರೇಷನ್ ಆಗಿದ್ದವರ ಪಾದ ದೊಡ್ಡವರಾದ ಮೇಲೆ ಕೊರಡಿನಂತೆ ಬಿಗಿದು ನೋಯುವುದನ್ನು ಅಲ್ಲಿ ಕಂಡರು. ಹಸುಗೂಸಿನ ಕೀಲು ಬೆರಳ ಒತ್ತಡಕ್ಕೇ ಬಗ್ಗುತ್ತದಲ್ಲ, ಕತ್ತಿ ಯಾಕೆ? ಕೈಯಿಂದ ಒತ್ತಿ ಪ್ಲಾಸ್ಟರ್ ಹಾಕುವ ಈ ವಿಧಾನವನ್ನು 1963ರಲ್ಲೇ ಪ್ರಕಟಿಸಿದರೂ ಹೊರಗಿನ ವೈದ್ಯರು ಕಿವಿಗೊಟ್ಟದ್ದು 1996ರ ಪುಸ್ತಕದ ನಂತರ. ಆಗ ಅವರಿಗೆ ಎಂಬತ್ತು ದಾಟಿತ್ತು. 2009ರಲ್ಲಿ ತೀರಿಕೊಂಡರು.

ವೈದ್ಯರು ಒತ್ತುವ ಜಾಗದಲ್ಲೇ ಎಲ್ಲ ಇದೆ. ಹೆಬ್ಬೆರಳು ಕೂರಬೇಕಾದದ್ದು ಪಾದದ ಹೊರಬದಿಯಲ್ಲಿ, ಹರಡಿನ ಮುಂದೆ ಉಬ್ಬಿರುವ ಟೇಲಸ್ ಎಲುಬಿನ ತಲೆಯ ಮೇಲೆ. ಸ್ವಲ್ಪ ಮುಂದೆ ಜಾರಿದರೂ ಹಿಮ್ಮಡಿ ಹೊರಳದು. ಪ್ಲಾಸ್ಟರ್ ವಾರಕ್ಕೊಂದು, ಮೊಣಕಾಲು 90 ಡಿಗ್ರಿ ಮಡಚಿ ತೊಡೆಸಂದಿಯವರೆಗೆ. ಮೊಣಕಾಲ ಕೆಳಗೇ ನಿಲ್ಲಿಸಿದ್ದು ಜಾರುತ್ತದೆ. ಬೆರಳು ಒಳಗೆ ಮಾಯವಾದರೆ ಅಂದೇ ಬಿಚ್ಚಿಸಿ.

ಇನ್ನು ಶೂ. ಕಂಬಿ ಮಗುವಿನ ಭುಜದಷ್ಟು ಅಗಲ. ಸೊಟ್ಟಗಿದ್ದ ಪಾದ 60–70 ಡಿಗ್ರಿ ಹೊರಕ್ಕೆ, ಸರಿಯಿರುವುದು 30–40. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತೆಲ್ಲ. ಕಾಲುಗಳನ್ನು ಬೇರೆಬೇರೆಯಾಗಿ ಒದೆಯಲಾಗದೆ ಮಗು ಅಳುತ್ತದೆ. ಕಂಬಿ ಹಿಡಿದು ಎರಡೂ ಮೊಣಕಾಲು ಒಟ್ಟಿಗೆ ಮಡಚಿ, ನೀಡಿ, ಆಡಿಸಿ ಕಲಿಸಿ. ಹತ್ತಿಯ ಕಾಲುಚೀಲ ಹಾಕಿ, ಹಿಮ್ಮಡಿ ತಳಕ್ಕೆ ಕೂತ ಮೇಲೆ ಮೊದಲು ನಡುಪಟ್ಟಿ ಬಿಗಿಯಿರಿ. ಹಿಮ್ಮಡಿಯಲ್ಲಿ ಗುಳ್ಳೆ ಎದ್ದರೆ ಸಾಮಾನ್ಯವಾಗಿ ಶೂ ಸಡಿಲವಾಗಿದೆ ಎಂದರ್ಥ. ನೀವೋ ಇನ್ನೂ ಸಡಿಲಿಸುತ್ತೀರಿ! ಲೋಷನ್ ಬೇಡ. ಏನು ಮಾಡಿದರೂ ಹಿಮ್ಮಡಿ ಕೂರದಿದ್ದರೆ ಪಾದ ಮತ್ತೆ ತಿರುಗತೊಡಗಿರಬಹುದು, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಗ್ರಹಣದ ದಿನ ಸೊಸೆ ಕತ್ತರಿ ಹಿಡಿದದ್ದರಿಂದ ಹೀಗಾಯಿತೇ? (ಪೆರ್ಲ)

ಅಲ್ಲ. ಸೊಸೆಯನ್ನು ಅಳಿಸುವುದು ನಿಲ್ಲಿಸಿ.

ಪ್ರಶ್ನೆ: ಎಣ್ಣೆ ತಿಕ್ಕುವ ಪಂಡಿತರು ಆಟಿ ತಿಂಗಳು ಕಳೆಯಲಿ ಅನ್ನುತ್ತಾರೆ. (ಉಪ್ಪಳ)

ಕಾದಷ್ಟೂ ಕೀಲು ಬಿಗಿಯುತ್ತದೆ. ನಾಳೆಯೇ ಹೋಗಿ. ತೆಂಗಿನೆಣ್ಣೆ ಒಗ್ಗರಣೆಗಿರಲಿ.

ಪ್ರಶ್ನೆ: ಹಿಮ್ಮಡಿಯ ನರ ಕತ್ತರಿಸುತ್ತಾರಂತೆ? (ಮಂಜೇಶ್ವರ)

ನರವಲ್ಲ, ಸ್ನಾಯುರಜ್ಜು. ಕೊನೆಯ ಪ್ಲಾಸ್ಟರಿನೊಳಗೆ ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ.